ಶರೀಫಾಬಿಯ ಒಳಗಿನ ಕ್ಯಾಸೆಟ್ಟು

ಕಟಕೋಳದಿಂದ ಭಾಗ್ಯಾಳ ಫೋನು ಬಂದಾಗ ಶರೀಫಾಬಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಫೋನು ಎತ್ತಿದವಳು ಸೊಸೆ ಗುಲಫಶಾ. ಗುರುತಿಲ್ಲದ ಹೆಣ್ಣುದನಿಯೊಂದು ಭಾಬಿಯನ್ನು ಕರೆಯಿರಿ ಅಂದದ್ದೇ ಅವಳ ಎದೆ ಝಲ್ಲೆಂದಿತು. ಅವಳ ಎದೆ ಝಲ್ಲೆನ್ನಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಕೂಸು ಒಂದಕ್ಕೆರಡು ಸಲ ಸೀನಿದರೆ ಸಾಕು, ಗಂಡ ಜಹೀರನ ಲಾರಿ ಘಟ್ಟ ಇಳಿಯುವ ಹೊತ್ತಿಗೆ ಫೋನು ಹತ್ತದಿದ್ದರೆ ಸಾಕು. ಬೆಳಗಾವಿಯಲ್ಲಿ ಹುಟ್ಟಿ ಅಲ್ಲಿಯೇ ಕಾಲೇಜು ಮುಗಿಸಿ ಬೈಲಹೊಂಗಲದ ಈ ಮನೆಗೆ ಸೊಸೆಯಾಗಿ ಬಂದವಳು. ಓದಿದ್ದೆಲ್ಲ ಹೆದರುವುದಕ್ಕೇ ಉಪಯೋಗವಾಯಿತು ಎಂದು ಜಹೀರ ಚೇಷ್ಟೆ ಮಾಡುತ್ತಿದ್ದ.

ಹೆದರುವ ಸುದ್ದಿಯೇನೂ ಅಲ್ಲ. ಭಾಗ್ಯಾ ಕಟಕೋಳದಲ್ಲಿ ಅಂಗನವಾಡಿ ಶಿಕ್ಷಕಿ. ಅವಳ ಮಗಳು ರೇಣುವಿನ ಮದುವೆ ಗೊತ್ತಾಗಿತ್ತು. ವಿಡಿಯೋ ತೆಗೆಯಲು ಹುಬ್ಬಳ್ಳಿಯಿಂದ ಒಂದು ತಂಡವೇ ಬರುವುದಿತ್ತು, ಆಕಾಶದಲ್ಲಿ ಹಾರುವ ಕ್ಯಾಮೆರಾ ಸಮೇತ. ಎಲ್ಲ ಸರಿ, ಸುರಗಿಯದೊಂದು ಪೇಚು. ಮದುವೆಯ ಹಿಂದಿನ ದಿನ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ, ಅರಿಷಿಣ ಎಣ್ಣೆ ಹಚ್ಚಿ ನೀರು ಹಾಕುವ ಶಾಸ್ತ್ರ ಅದು. ಹೆಂಗಸರದೇ ರಾಜ್ಯ. ಸೆರಗು ಜಾರಿದರೂ ನಡೆಯುತ್ತದೆ, ನಾಲಿಗೆ ಜಾರಿದರೂ ನಡೆಯುತ್ತದೆ.

“ಮಗಳು ಖಡಾಖಂಡಿತ ಹೇಳ್ಯಾಳ್ರಿ ಭಾಬಿ, ಗಂಡಸರ ಕ್ಯಾಮೆರಾ ಸುರಗಿಗೆ ಬರಂಗಿಲ್ಲ ಅಂತ. ನಿಮ್ಮನ್ನ ಬಿಟ್ಟು ನನಗ ಯಾರೂ ನೆಪ್ಪಾಗಲಿಲ್ಲ,” ಅಂದಳು ಭಾಗ್ಯಾ.

ಶರೀಫಾಬಿ ಕೈಗೆ ಹತ್ತಿದ ಖಾರವನ್ನು ಮರೆತು ಕಣ್ಣೊರೆಸಿಕೊಂಡಳು. ಆಮೇಲೆ ಬಹಳ ಹೊತ್ತು ಕಣ್ಣು ತೊಳೆದದ್ದೇ ತೊಳೆದದ್ದು. ಖಾರಕ್ಕೋ ಮತ್ತೆ ಯಾತಕ್ಕೋ ಎಂದು ಗುಲಫಶಾ ಕೇಳಲಿಲ್ಲ.

ಬೈಲಹೊಂಗಲದ ಬಜಾರಿನಲ್ಲಿ ಈಗ ಮೊಬೈಲಿಗೆ ಗಾಜು ಅಂಟಿಸುವ ಅಂಗಡಿ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಶರೀಫಾಬಿಯ ಗಂಡ ದಸ್ತಗೀರಸಾಬನ ಫೋಟೋ ಸ್ಟುಡಿಯೋ ಇತ್ತು. ಅವನು ಹೆಗಲ ಮೇಲೆ ಹೊರುವ ವಿಡಿಯೋ ಕ್ಯಾಮೆರಾ ತಂದ ಹೊಸದರಲ್ಲಿ ಸುತ್ತಲಿನ ಊರವರು ಕ್ಯಾಮೆರಾ ನೋಡಿಕೊಂಡು ಮದುವೆಯ ದಿನ ಹಿಂದೆಮುಂದೆ ಮಾಡುತ್ತಿದ್ದರಂತೆ. ಆಗಲೇ ಉಗರಗೋಳದ ಒಂದು ಮನೆಯಲ್ಲಿ ಮದುಮಗಳ ಅಜ್ಜಿ ಬಚ್ಚಲಮನೆಯ ಬಾಗಿಲಿಗೆ ಅಡ್ಡ ನಿಂತಳು. ಸಾಬರೇ, ನೀವು ಹೊರಗೆ ನಿಲ್ಲಿರಿ, ಬೇಕಾದರೆ ನಿಮ್ಮ ಹೆಂಡತಿಯನ್ನು ಕಳಿಸಿರಿ ಅಂದಳು. ಅಜ್ಜಿ ಅಂದದ್ದು ಗೇಲಿಗೆ. ದಸ್ತಗೀರಸಾಬ ಮಾತ್ರ ನಿಜ ಹಿಡಿದ. ಮಾರನೆಯ ವಾರ ಸವದತ್ತಿಯ ಮದುವೆಗೆ ಹೆಂಡತಿಯನ್ನು ಕರೆದುಕೊಂಡೇ ಹೋದ.

ಶರೀಫಾಬಿ ಅವತ್ತು ತೆಗೆದದ್ದು ಬರೀ ಕಾಲು. ಕೆಂಪು ದೀಪ ಹೊತ್ತಿದ್ದರೆ ಕ್ಯಾಮೆರಾ ನಡೆದಿದೆ ಎಂದು ಗಂಡ ಹೇಳಿದ್ದನೇ ಹೊರತು, ಯಾವ ಕಡೆ ಹಿಡಿಯಬೇಕು ಎಂದು ಬಿಡಿಸಿ ಹೇಳಿರಲಿಲ್ಲ. ಭಾರಕ್ಕೆ ಹೆಗಲು ಇಳಿದು, ಕ್ಯಾಮೆರಾ ನೆಲ ನೋಡಿತು. ಕಾಲುಂಗುರ, ಒಡೆದ ಹಿಮ್ಮಡಿ, ಹರಿದು ಬರುವ ಅರಿಷಿಣದ ನೀರು, ಯಾರದೋ ಕಾಲ್ಗೆಜ್ಜೆ. ಮದುಮಗಳ ತಾಯಿ ಅದನ್ನು ನೋಡಿ ಬೈಯಲಿಲ್ಲ. ಒಂದೊಂದು ಕಾಲೂ ಯಾರದೆಂದು ಗುರುತು ಹಿಡಿಯುತ್ತ ಮನೆಮಂದಿಯೆಲ್ಲ ಸಂಜೆಯ ತನಕ ಕೂತಿದ್ದರಂತೆ. ಈ ಕತೆ ಹೇಳುವಾಗಲೆಲ್ಲ ಶರೀಫಾಬಿ ನಗುನಗುತ್ತ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಕಾಲಿನಿಂದ ಮುಖಕ್ಕೆ ಬರಲು ಅವಳಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಆಮೇಲೆ ಕಿತ್ತೂರು, ದೇಗಾಂವ, ರಾಮದುರ್ಗದ ನೇಕಾರರ ಓಣಿ ಎಂದು ಕರೆ ಬರತೊಡಗಿತು. ಮಂಟಪ, ಅಕ್ಷತೆ, ಊಟದ ಪಂಕ್ತಿ ಇವೆಲ್ಲ ದಸ್ತಗೀರಸಾಬನ ಪಾಲು. ಅದು ಹೊರಗಿನ ಕ್ಯಾಸೆಟ್ಟು. ಸುರಗಿ, ಅರಿಷಿಣ, ಬಳೆ ಇಡಿಸುವುದು, ಸಾಬರ ಮನೆಯಾದರೆ ಜನಾನಾದ ಮೆಹಂದಿ, ಇವೆಲ್ಲ ಶರೀಫಾಬಿಯ ಪಾಲು; ಅದು ಒಳಗಿನ ಕ್ಯಾಸೆಟ್ಟು. ಹೊರಗಿನದು ಹುಬ್ಬಳ್ಳಿಗೆ ಹೋಗಿ ಮಿಕ್ಸಿಂಗ್ ಆಗಿ ಬರುತ್ತಿತ್ತು. ಅದರಲ್ಲಿ ಮದುಮಕ್ಕಳ ಮೇಲೆ ಗುಲಾಬಿ ಉದುರುತ್ತಿತ್ತು, ತಾವರೆಯೊಳಗಿಂದ ಮದುಮಗನ ಮುಖ ಅರಳುತ್ತಿತ್ತು. ಒಳಗಿನದಕ್ಕೆ ಆ ಭಾಗ್ಯವಿರಲಿಲ್ಲ. ಅದು ಕ್ಯಾಮೆರಾದಿಂದ ಹೊರಬಿದ್ದದ್ದೇ ಮದುಮಗಳ ತಾಯಿಯ ಉಡಿಗೆ ಬೀಳುತ್ತಿತ್ತು. ಕಾಪಿ ಇಲ್ಲ, ನೋಡುವುದಿಲ್ಲ, ನೋಡಗೊಡುವುದಿಲ್ಲ. ಶರೀಫಾಬಿಯ ಮನೆಯ ಟಿವಿಯಲ್ಲಿ ಒಂದೇ ಒಂದು ಒಳಗಿನ ಕ್ಯಾಸೆಟ್ಟು ಓಡಿದ್ದಿಲ್ಲ. ಕತ್ತರಿಸುವುದು ಕೂಡಿಸುವುದು ಯಾವುದೂ ಆಮೇಲೆ ಆಗುವಂತಿಲ್ಲವಾದ್ದರಿಂದ ಶರೀಫಾಬಿ ತೆಗೆಯುವಾಗಲೇ ತಡೆದು, ಕಾದು, ಮತ್ತೆ ಗುಂಡಿ ಒತ್ತುವುದನ್ನು ರೂಢಿ ಮಾಡಿಕೊಂಡಳು. ಶರೀಫಾಬಿ ಕ್ಯಾಮೆರಾ ಹಿಡಿದರೆ ಒಳಗಿನದು ಒಳಗೇ ಇರುತ್ತದೆ ಎಂಬ ಮಾತು ಸುತ್ತಲಿನ ನಾಲ್ಕು ತಾಲೂಕಿನ ಹೆಂಗಸರಲ್ಲಿ ಬಿತ್ತು. ಆ ಮಾತೇ ಅವಳ ಗಳಿಕೆ. ಇಷ್ಟು ವರ್ಷದ ಕೆಲಸದಲ್ಲಿ ತೋರಿಸಲು ಅವಳ ಹತ್ತಿರ ಬೇರೆ ಏನೂ ಇರಲಿಲ್ಲ.

ಸಿ.ಡಿ. ಬಂತು, ಮೊಬೈಲು ಬಂತು. ದಸ್ತಗೀರಸಾಬ ತೀರಿಕೊಂಡ ಮೇಲೆ ಸ್ಟುಡಿಯೋ ಮುಚ್ಚಿತು. ಹಳೆಯ ಕ್ಯಾಮೆರಾ ಕಪಾಟಿನ ಮೇಲೆ ಬುರ್ಖಾದ ಬಟ್ಟೆ ಹೊದ್ದು ಮಲಗಿತು.

ಭಾಗ್ಯಾಳ ಸುರಗಿಯನ್ನು ತೆಗೆದವಳೂ ಶರೀಫಾಬಿಯೇ. ಹೊಸ ಮದುಮಗಳು ಭಾಗ್ಯಾ ಮದುವೆಯಾದ ತಿಂಗಳೊಪ್ಪತ್ತಿಗೆ ಸ್ಟುಡಿಯೋಕ್ಕೆ ಬಂದು, ಹೊರಗಿನ ಕ್ಯಾಸೆಟ್ಟಿನಲ್ಲಿ ಗಂಡನ ತಲೆಯ ಮೇಲೆ ಹೂವು ಬೀಳುತ್ತದೆ, ಒಳಗಿನದರಲ್ಲಿ ನನ್ನ ತಲೆಯ ಮೇಲೆ ಯಾಕೆ ಬೀಳುವುದಿಲ್ಲ ಎಂದು ಜಗಳ ತೆಗೆದಿದ್ದಳು. ಈಗ ಫೋನಿನಲ್ಲಿ ಅದನ್ನೇ ಕೇಳಿದಳು. ಮಗಳ ತಲೆಯ ಮೇಲಾದರೂ ಹೂವು ಬೀಳಲಿ, ಹೆಸರು ಬರಲಿ, ಸಣ್ಣ ದನಿಯ ವಾದ್ಯ ಇರಲಿ. ಈಗ ಎಲ್ಲ ಮೊಬೈಲಿನಲ್ಲೇ ಆಗುತ್ತದಂತಲ್ಲ, ನೀವೇ ಮಾಡಿರಿ. ಬೇರೆಯವರ ಕೈಗೆ ಕೊಡಬೇಡಿರಿ. ಶರೀಫಾಬಿ ಹೂಂ ಅಂದುಬಿಟ್ಟಳು.

ಹೂಂ ಅಂದವಳು ಅತ್ತೆ, ನಿದ್ದೆಗೆಟ್ಟವಳು ಸೊಸೆ. ಶರೀಫಾಬಿಯ ಫೋನು ಗುಂಡಿ ಒತ್ತಿ ಮಾತಾಡುವಂಥದು. ಅಂದರೆ ತೆಗೆಯುವುದೂ ಗುಲಫಶಾಳ ಫೋನಿನಲ್ಲಿ, ಕತ್ತರಿಸಿ ಕೂಡಿಸುವುದೂ ಅದರಲ್ಲೇ. ಇಬ್ಬರಿಗೂ ಎಡಿಟಿಂಗಿನ ಗಂಧವಿಲ್ಲ. ಯಾವ ಆ್ಯಪು ಹಾಕಿಕೊಳ್ಳಬೇಕು ಎಂದು ಗುಲಫಶಾ ಹುಡುಕತೊಡಗಿದಳು. ಹೊಸಬರಿಗೆ ಯಾವುದು ಚೆಂದ ಎಂದು ಹೇಳಿಕೊಡುವ ವಿಡಿಯೋಗಳು ಒಂದರ ಹಿಂದೊಂದು ಬಂದವು. ಒಬ್ಬನು ಹೊಗಳಿದ್ದನ್ನು ಇನ್ನೊಬ್ಬನು ಬೈಯುತ್ತಿದ್ದ. ಒಬ್ಬನು ಕಂಪ್ಯೂಟರಿಲ್ಲದೆ ಎಡಿಟಿಂಗಿಗೆ ಇಳಿಯಲೇಬೇಡಿ ಅನ್ನುತ್ತಿದ್ದ. ಇನ್ನೊಬ್ಬನು ಬೆರಳೊಂದಿದ್ದರೆ ಸಾಕು ಅನ್ನುತ್ತಿದ್ದ. ನೋಡಿದಷ್ಟೂ ಅವಳಿಗೆ ದಿಗಿಲು ಹೆಚ್ಚಾಯಿತು.

ಕೂಸು ಮಧ್ಯಾಹ್ನ ಮಲಗಿದ ಮೇಲೆ ಅತ್ತೆ ಸೊಸೆ ಜಗಲಿಯ ಮೇಲೆ ಫೋನು ಹಿಡಿದು ಕೂರುತ್ತಿದ್ದರು. ಕಲಿಯುವುದಕ್ಕೆಂದು ಕೂಸು ತೆವಳುವುದು, ಪಕ್ಕದ ಮನೆಯ ಕೋಳಿ ಮೆಣಸಿನಕಾಯಿಗೆ ಬಾಯಿ ಹಾಕಿ ಓಡುವುದು, ಇಂಥವನ್ನು ತೆಗೆದಿಟ್ಟಿದ್ದರು. ಮೊದಲು ಹಾಕಿಕೊಂಡ ಆ್ಯಪಿನಲ್ಲಿ ಕೆಲಸ ಸಲೀಸಾಯಿತು, ಆದರೆ ಕೊನೆಗೆ ಅದು ಚಿತ್ರದ ಮೂಲೆಯಲ್ಲಿ ತನ್ನ ಹೆಸರು ಬರೆದುಕೊಂಡಿತು. ಅಳಿಸಬೇಕಾದರೆ ರೊಕ್ಕ ಕಟ್ಟಬೇಕಂತೆ.

“ಸಂತ್ಯಾಗ ಎಮ್ಮಿಗೆ ಶಿಕ್ಕಾ ಹೊಡದಂಗ ಹೊಡದೈತಲ್ಲ ಇದು. ರೇಣೂನ ಸುರಗಿ ಮ್ಯಾಲ ಇದರ ಹೆಸರ ಯಾಕ?” ಅಂದಳು ಶರೀಫಾಬಿ.

ಎರಡನೆಯದು ತಾನೇ ಎಲ್ಲ ಮಾಡಿಬಿಡುವ ಜಾತಿಯದು. ಚಿತ್ರಗಳನ್ನು ತೋರಿಸಿದರೆ ಸಾಕು, ತಾಳಕ್ಕೆ ಸರಿಯಾಗಿ ಚಕಚಕ ಕತ್ತರಿಸಿ ಹಾಡು ಕೂಡಿಸಿ ಕೊಡುತ್ತಿತ್ತು. ಗುಲಫಶಾ ಇದೇ ಇರಲಿ, ಜಂಜಾಟವಿಲ್ಲ ಅಂದಳು. ಶರೀಫಾಬಿ ಎರಡು ಸಲ ನೋಡಿ ಒಲ್ಲೆನೆಂದಳು. ಕೂಸು ನಗಲು ಬಾಯಿ ತೆರೆಯುವಷ್ಟರಲ್ಲಿ ಅದು ಕೋಳಿಗೆ ಹೋಗಿಬಿಟ್ಟಿತ್ತು, ಕೋಳಿ ಓಡುವಷ್ಟರಲ್ಲಿ ಮತ್ತೆ ಕೂಸಿಗೆ ಬಂದಿತ್ತು. ಇದು ಯಾರನ್ನೂ ಮಾತು ಮುಗಿಸಗೊಡುವುದಿಲ್ಲ ಎಂಬುದು ಅವಳ ತಕರಾರು.

ಜಹೀರನ ಹಳೆಯ ಲ್ಯಾಪ್‌ಟಾಪಿಗೆ ಒಂದನ್ನು ಇಳಿಸಿ ನೋಡಿದರು. ಪುಕ್ಕಟೆ, ಶಿಕ್ಕಾ ಇಲ್ಲ, ದೊಡ್ಡ ಸಿನಿಮಾದವರೂ ಅದನ್ನೇ ಬಳಸುತ್ತಾರೆ ಎಂದು ವಿಡಿಯೋದವರು ಹೇಳಿದ್ದರು. ತೆರೆಯಲಿಕ್ಕೇ ಒಂದು ಚಹಾ ಕುದಿಯುವಷ್ಟು ಹೊತ್ತು ಹಿಡಿಯಿತು. ತೆರೆದ ಮೇಲೆ ಪರದೆಯ ತುಂಬ ಗುಂಡಿಗಳು, ಗೆರೆಗಳು. ಲ್ಯಾಪ್‌ಟಾಪು ರೊಟ್ಟಿಯ ಹಂಚಿನಂತೆ ಕಾಯ್ದು, ತಾನೇ ಆರಿಹೋಯಿತು. ಮಗು ಸುಟ್ಟುಕೊಂಡೀತೆಂದು ಗುಲಫಶಾ ಅದನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ಆಮೇಲಿನ ಒಂದು ಆ್ಯಪು ಎಲ್ಲ ರೀತಿಯಲ್ಲೂ ಒಪ್ಪಿಗೆಯಾಗುವಂತಿತ್ತು. ಆದರೆ ಗುಲಫಶಾ ಅದರ ಕರಾರಿನ ಸಣ್ಣಕ್ಷರಗಳನ್ನು ಓದುತ್ತ ಕೂತಳು. ನಿಮ್ಮ ಚಿತ್ರಗಳನ್ನು ನಮ್ಮ ಜಾಗದಲ್ಲಿ ಇಟ್ಟುಕೊಳ್ಳುತ್ತೇವೆ ಎಂಬರ್ಥದ ಸಾಲೊಂದು ಕಂಡಿತು. ಓದಿ ಹೇಳಿದಾಗ ಶರೀಫಾಬಿ ಅಡ್ಡಡ್ಡ ತಲೆಯಾಡಿಸಿದಳು. ಹುಬ್ಬಳ್ಳಿಗೇ ಕಳಿಸದವಳು ನಾನು, ಇದು ಯಾವ ಊರಿಗೆ ಒಯ್ಯುತ್ತದೋ ಯಾರಿಗೆ ಗೊತ್ತು ಅಂದಳು. ಆಮೇಲೆ ಕೇಳಿದಳು, ಫೋನಿನ ನೆಟ್ಟು ಬಂದ್ ಮಾಡಿದರೆ ಇವು ನಡೆಯುತ್ತವೋ ಇಲ್ಲವೋ?

ಅಂದಿನಿಂದ ಅದೇ ಪರೀಕ್ಷೆಯಾಯಿತು. ಹೊಸದೊಂದನ್ನು ಹಾಕಿಕೊಳ್ಳುವುದು, ನೆಟ್ಟು ಬಂದ್ ಮಾಡುವುದು, ಕೋಳಿಯನ್ನು ಕತ್ತರಿಸಿ ಕೂಸಿಗೆ ಜೋಡಿಸಿ ನೋಡುವುದು. ನಡೆಯದಿದ್ದರೆ ಅಳಿಸುವುದು. ಹಾಗೆ ಉಳಿದದ್ದು ಯಾರೂ ಅಷ್ಟಾಗಿ ಹೊಗಳದ ಒಂದು ಸಾದಾ ಆ್ಯಪು. ಕತ್ತರಿಯ ಗುರುತು, ಅಕ್ಷರದ ಗುರುತು, ದನಿಯ ಗುರುತು. ಅದಕ್ಕಿಂತ ಹೆಚ್ಚಿನ ವೈಭವವಿಲ್ಲ. ಹೂವಿನ ಮಳೆಯನ್ನು ಮಾತ್ರ ಮೊದಲೇ ನೆಟ್ಟಿನಿಂದ ಇಳಿಸಿಕೊಳ್ಳಬೇಕಿತ್ತು. ಗುಲಾಬಿ ಇರಲಿಲ್ಲ, ಸೇವಂತಿಗೆ ಇತ್ತು. ನಡೆದೀತು, ರೇಣುವಿನ ಅರಿಷಿಣಕ್ಕೆ ಅದೇ ಹೊಂದುತ್ತದೆ ಎಂದಳು ಶರೀಫಾಬಿ. ಕೋಳಿಯ ತಲೆಯ ಮೇಲೆ ಸೇವಂತಿಗೆ ಉದುರಿದಾಗ ಅತ್ತೆ ಸೊಸೆ ಇಬ್ಬರೂ ಕೂಸು ಎಚ್ಚರಾಗುವಂತೆ ನಕ್ಕರು. ಈ ಮನೆಗೆ ಬಂದ ಮೇಲೆ ಅತ್ತೆಯ ಜೋಡಿ ಹಾಗೆ ಕೂತು ನಕ್ಕದ್ದು ಗುಲಫಶಾಳಿಗೆ ನೆನಪಿರಲಿಲ್ಲ.

ಸುರಗಿಯ ದಿನ ಕಟಕೋಳದ ಮನೆಯ ಹಿತ್ತಿಲು ಹೆಂಗಸರಿಂದ ತುಂಬಿತ್ತು. ಭಾಗ್ಯಾ ಓಡಿಬಂದು ಶರೀಫಾಬಿಯ ಕೈ ಹಿಡಿದುಕೊಂಡಳು. ಕ್ಯಾಮೆರಾ ಎಲ್ಲಿದೆ ಎಂದು ಯಾರೋ ಮುದುಕಿ ಕೇಳಿದರೆ ಶರೀಫಾಬಿ ಅಂಗೈಯಲ್ಲಿದ್ದ ಫೋನು ತೋರಿಸಿದಳು. ಇಷ್ಟೇ ಏನು, ಮೊದಲು ನೀನು ಬಂದರೆ ಬಂದೂಕು ಹೊತ್ತವಳಂತೆ ಕಾಣುತ್ತಿದ್ದಿ ಎಂದು ಮುದುಕಿ ಬೇಜಾರು ಮಾಡಿಕೊಂಡಳು. ಗುಲಫಶಾ ಬಾಗಿಲಲ್ಲೇ ನೆಟ್ಟು ಬಂದ್ ಮಾಡಿ, ಆಗಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿ ಅತ್ತೆಯ ಕೈಗೆ ಫೋನು ಕೊಟ್ಟಿದ್ದಳು.

ಹಬೆ ಏಳುವ ಆ ಹಿತ್ತಿಲಿನಲ್ಲಿ ಶರೀಫಾಬಿ ಗುಬ್ಬಚ್ಚಿಯ ಹಾಗೆ ಓಡಾಡಿದಳು. ಗುಲಫಶಾ ಕೂಸನ್ನು ಟೊಂಕದ ಮೇಲೆ ಹೊತ್ತು ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಮನೆಯಲ್ಲಿ ಮೊಣಕಾಲು ಹಿಡಿದುಕೊಂಡು ಏಳುವವಳು ಇಲ್ಲಿ ನೂಲಿನ ಕೆಳಗೆ ಬಾಗಿ ಆ ಕಡೆ ದಾಟುತ್ತಿದ್ದಳು. ಹೆಂಗಸರು ಅವಳಿದ್ದಾಳೆಂಬುದನ್ನೇ ಮರೆತು ಮಾತಾಡುತ್ತಿದ್ದರು. ರೇಣುವಿನ ಬೆನ್ನಿಗೆ ಅರಿಷಿಣ ಹಚ್ಚುತ್ತ ಅವಳ ಅತ್ತಿಗೆ ಶೀತಲ್ ಕಿವಿಯಲ್ಲಿ ಏನೋ ಹೇಳಿದಳು. ರೇಣು ಅರಿಷಿಣದ ಮುಖದಲ್ಲೇ ಕೆಂಪಾದಳು. ಭಾಗ್ಯಾ ನೀರು ಹಾಕಲು ತಂಬಿಗೆ ಎತ್ತಿದವಳು ಕೈ ಬರದೆ ನಿಂತುಬಿಟ್ಟಳು. ಶರೀಫಾಬಿಯ ಫೋನು ಆ ಕೈಯ ಮೇಲೇ ನಿಂತಿತು, ಅದು ಮತ್ತೆ ಚಲಿಸುವ ತನಕ.

ಕೊನೆಗೆ ಒಡಪು. ಗಂಡನ ಹೆಸರನ್ನು ಪ್ರಾಸದಲ್ಲಿ ಪೋಣಿಸಿ ಹೇಳುವ ಆಟ. ಭಾಗ್ಯಾಳ ಅತ್ತೆ ಶೆಟ್ಟೆವ್ವ ಹಲ್ಲಿಲ್ಲದ ಮುದುಕಿ. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ತಾನು ಹೇಳಬಾರದೆಂದು ಹಿಂದೆ ಸರಿದು ಕೂತಿದ್ದವಳನ್ನು ಹುಡುಗಿಯರು ಎಳೆತಂದು ಕೂರಿಸಿದರು. ಅವಳು ಸೆರಗು ಸರಿ ಮಾಡಿಕೊಂಡು, ಫೋನನ್ನೇ ದಿಟ್ಟಿಸಿ, ರಾಗವಾಗಿ ಹೇಳಿದಳು:

“ಒಲಿ ಮುಂದ ಕುಂತರ ಕಣ್ಣಿಗೆ ಹೊಗಿ, ಅಂಗಳಕ್ಕ ಬಂದರ ಮಂದಿಗೆ ನಗಿ, ನಮ್ಮ ಬಸವಲಿಂಗಪ್ಪನ ಮೀಸಿಗೆ ಹತ್ತೇತಿ ಮಜ್ಜಿಗಿ.”

ಹೇಳಿ ತಾನೇ ಗಂಡನ ಮೀಸೆ ಒರೆಸುವಂತೆ ಗಾಳಿಯಲ್ಲಿ ಸೆರಗಾಡಿಸಿದಳು. ಹಿತ್ತಿಲು ನಗೆಯಲ್ಲಿ ಮುಳುಗಿತು. ಶೆಟ್ಟೆವ್ವನ ಕೈ ಮಾತ್ರ ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿತ್ತು.

ಇರಿ, ನಾಳೆ ಮದುವೆ ಮುಗಿಸಿಕೊಂಡೇ ಹೋಗಿರಿ ಎಂದು ಭಾಗ್ಯಾ ಬಹಳ ಹೇಳಿದಳು. ಕೂಸಿಗೆ ನೀರು ಬದಲಾದರೆ ಹೊಟ್ಟೆ ಕೆಡುತ್ತದೆ, ಬೆಳಿಗ್ಗೆ ಮತ್ತೆ ಬರುತ್ತೇವೆ ಎಂದು ಗುಲಫಶಾ ಅತ್ತೆಯನ್ನು ಮಧ್ಯಾಹ್ನದ ಬಸ್ಸಿಗೇ ಹೊರಡಿಸಿದಳು. ಬಸ್ಸು ಹೊರಟ ಮೇಲೆ ನೆಟ್ಟು ಹಚ್ಚಿ ಹೊರಟಿದ್ದೇವೆ ಎಂದು ಜಹೀರನಿಗೆ ಸುದ್ದಿ ಹಾಕಿದಳು. ಸುದ್ದಿ ಹಾಕದಿದ್ದರೆ ಅವಳಿಗೆ ಪ್ರಯಾಣ ಮಾಡಿದಂತೆ ಆಗುತ್ತಿರಲಿಲ್ಲ. ಯರಗಟ್ಟಿ ಸಮೀಪಿಸುವಾಗ ಜಹೀರನ ಫೋನು ಬಂತು. ಅವನು ಮಾತಿಗಿಂತ ಮೊದಲು ನಗುತ್ತಿದ್ದ.

“ಯಾರ ಆಯಿ ಅಕಿ? ಮೀಸಿಗೆ ಮಜ್ಜಿಗಿ ಅಂತಾಳಲ್ಲ. ಲಾರಿ ಬಾಜೂಕ ಹಚ್ಚಿ ನೋಡೇನಿ ನೋಡ.”

ಗುಲಫಶಾ ಫೋನನ್ನು ಕಿವಿಯಿಂದ ತೆಗೆದು ಪರದೆಯನ್ನು ನೋಡಿದಳು. ಕೂಸಿನ ಒಂದು ಫೋಟೋವೂ ಕಳೆದುಹೋಗಬಾರದೆಂದು, ತನ್ನ ಫೋನಿನಲ್ಲಿ ತೆಗೆದ ಪ್ರತಿಯೊಂದು ಚಿತ್ರವೂ ತಾನಾಗಿ ಜಹೀರನ ಫೋನಿಗೂ ಹೋಗಿ ಕೂರುವಂತೆ ಅವಳೇ ಮಾಡಿಟ್ಟಿದ್ದಳು. ಮಾಡಿಟ್ಟದ್ದು ಕೂಸು ಹುಟ್ಟಿದ ವಾರ. ಆ್ಯಪುಗಳನ್ನೆಲ್ಲ ಜರಡಿ ಹಿಡಿದವಳಿಗೆ ಫೋನೇ ತೂತು ಎಂಬುದು ಹೊಳೆದಿರಲಿಲ್ಲ. ಗಡಬಡಿಸಿ ನೆಟ್ಟು ಬಂದ್ ಮಾಡಿ, ಜಹೀರನಿಗೆ ಅದನ್ನು ಈಗಲೇ ಅಳಿಸು, ಮತ್ತೇನಾದರೂ ಬಂದಿದೆಯೇ ನೋಡು ಅಂದಳು. ಬೇರೇನೂ ಬಂದಿರಲಿಲ್ಲ. ಎಲ್ಲಕ್ಕಿಂತ ಕೊನೆಗೆ ತೆಗೆದದ್ದು ಮೊದಲು ಹೊರಟಿತ್ತು. ಆ ದಾರಿಯ ನೆಟ್ಟಿನ ಬಡತನದಲ್ಲಿ ಅದೊಂದೇ ದಾಟಿತ್ತು. ಜಹೀರ ಅಳಿಸಿದೆ ಅಂದ. ಅವನ ದನಿಯಲ್ಲಿ ಈಗ ನಗೆ ಇರಲಿಲ್ಲ.

ಪಕ್ಕದಲ್ಲಿ ಕೂತ ಶರೀಫಾಬಿಗೆ ಏನು ನಡೆಯಿತೆಂದು ಗುಲಫಶಾ ಹೇಳಬೇಕಾಯಿತು. ಹೇಳುತ್ತ ಅತ್ತಳು. ಅಳಿಸಿ ಆಯಿತು, ಒಡಪಷ್ಟೇ ಹೋದದ್ದು, ನೋಡಿದವನು ನಮ್ಮವನೇ, ಯಾರಿಗೂ ತಿಳಿಯುವುದಿಲ್ಲ ಎಂದು ಒಂದೇ ಉಸಿರಿಗೆ ಸಮಾಧಾನಗಳನ್ನೂ ಪೇರಿಸಿದಳು. ಅವು ಅತ್ತೆಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ಅವಳಿಗೂ ತಿಳಿಯಲಿಲ್ಲ. ಶರೀಫಾಬಿ ಕಿಟಕಿಯ ಆಚೆ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗುಲಫಶಾಳಿಗೆ. ಯರಗಟ್ಟಿಯಲ್ಲಿ ಬಸ್ಸು ನಿಂತಾಗ ಶರೀಫಾಬಿ ಚೀಲ ಎತ್ತಿಕೊಂಡು ಇಳಿದಳು. ಬೈಲಹೊಂಗಲದ ಬಸ್ಸಿನ ಕಡೆ ಹೋಗದೆ, ಕಟಕೋಳದ ಕಡೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕಂಟ್ರೋಲರನ್ನು ಕೇಳಿದಳು.

ತಿರುಗಿ ಬಂದವರನ್ನು ಕಂಡು ಭಾಗ್ಯಾ ಮೊದಲು ಖುಷಿಪಟ್ಟಳು. ಕೂಸಿಗೆ ಹಾಲು ತರಲು ಯಾರನ್ನೋ ಕೂಗಿದಳು. ಶರೀಫಾಬಿ ಹಾಲು ಬೇಡ, ಒಳಗೆ ಬಾ ಅಂದಳು. ಒಳಗಿನ ಕೋಣೆಯಲ್ಲಿ ರೇಣು, ಶೀತಲ್, ಶೆಟ್ಟೆವ್ವ ಮತ್ತೆ ನಾಲ್ಕಾರು ಹೆಂಗಸರು ಮೆಹಂದಿಗೆ ಕೂತಿದ್ದರು. ಅವರೆಲ್ಲರ ಮುಂದೆಯೇ ಶರೀಫಾಬಿ ಆದದ್ದನ್ನು ಹೇಳಿದಳು. ಸೊಸೆಯ ಹೆಸರು ಎತ್ತಲಿಲ್ಲ. ನನ್ನ ಕೈಯಲ್ಲಿದ್ದ ಫೋನಿನಿಂದ ಒಂದು ಹೊರಗೆ ಹೋಯಿತು, ನನ್ನ ಮಗ ನೋಡಿದ, ಅಂದಳು.

ಶೀತಲ್‌ಳ ಮುಖ ಬಿಗಿಯಿತು. ಇದಕ್ಕೇ ಹುಬ್ಬಳ್ಳಿಯವರನ್ನು ಬೇಡ ಅಂದದ್ದು, ಈಗ ಇವರದೂ ಅಷ್ಟೇ ಆಯಿತಲ್ಲ ಎಂದು ಗೊಣಗಿದಳು. ರೇಣು ಮೆಹಂದಿಯ ಕೈಗಳನ್ನು ಎದೆಗೆ ತಂದುಕೊಂಡಳು. ಗುಲಫಶಾ ಬಾಗಿಲ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಫೋನು ನನ್ನದು, ಹಾಗೆ ಮಾಡಿಟ್ಟವಳು ನಾನು, ಅಮ್ಮಿಗೆ ಅದು ಗೊತ್ತೇ ಇರಲಿಲ್ಲ ಅಂದಳು. ಯಾರೂ ಅವಳ ಕಡೆ ನೋಡಲಿಲ್ಲ. ಎಲ್ಲರೂ ಭಾಗ್ಯಾಳನ್ನು ನೋಡುತ್ತಿದ್ದರು.

“ಹೇಳದ ಇದ್ದಿದ್ರ ನಮಗ ಗೊತ್ತ ಆಗತಿದ್ದಿಲ್ಲಲ್ರಿ ಭಾಬಿ,” ಅಂದಳು ಭಾಗ್ಯಾ ಕೊನೆಗೆ.

“ಅದಕ್ಕ ಬಂದೀನಿ,” ಅಂದಳು ಶರೀಫಾಬಿ.

ಶೆಟ್ಟೆವ್ವನಿಗೆ ಕಿವಿ ಮಂದ. ಏನಂತೆ ಎಂದು ಪಕ್ಕದವಳನ್ನು ತಿವಿದು ಕೇಳಿಸಿಕೊಂಡಳು. ತನ್ನ ಒಡಪೇ ಹೊರಗೆ ಹೋದದ್ದೆಂದು ತಿಳಿದ ಮೇಲೆ, ನೋಡಿದ ಹುಡುಗ ನಕ್ಕನೋ ಇಲ್ಲವೋ ಎಂದು ವಿಚಾರಿಸಿದಳು. ಲಾರಿ ನಿಲ್ಲಿಸಿ ನಕ್ಕ ಎಂದು ಗುಲಫಶಾ ಹೇಳಿದಳು.

“ನಮ್ಮ ಮನಿಯವರೂ ಹಿಂಗ, ಚಕ್ಕಡಿ ನಿಂದರಿಸಿ ನಗತಿದ್ರು,” ಅಂದಳು ಶೆಟ್ಟೆವ್ವ, ಯಾರಿಗೂ ಅಲ್ಲ ಎಂಬಂತೆ.

ಶೀತಲ್ ತುಟಿ ಕಚ್ಚಿಕೊಂಡರೂ ನಗೆ ಬಂತು. ಭಾಗ್ಯಾ ನಗಲಿಲ್ಲ. ಅವಳು ಎದ್ದು ಹೋಗಿ ಕೋಣೆಯ ಬಾಗಿಲಿನ ಅಗಳಿ ಹಾಕಿ ಬಂದಳು. ಹುಬ್ಬಳ್ಳಿಯವರು ಅಂಗಳದಲ್ಲಿ ದೀಪ ಕಟ್ಟುತ್ತಿದ್ದ ಸದ್ದು ಅರ್ಧವಾಯಿತು. ಇನ್ನು ಇದು ಈ ಮನೆಯಿಂದ ಹೊರಗೆ ಹೋಗುವುದು ಬೇಡ, ಕತ್ತರಿಸುವುದಾದರೂ ಕೂಡಿಸುವುದಾದರೂ ಇಲ್ಲೇ ನಮ್ಮ ಮುಂದೆ ಆಗಲಿ ಅಂದಳು. ಅವಳ ದನಿಯಲ್ಲಿ ಮೊದಲಿನ ಸಲುಗೆ ಇರಲಿಲ್ಲ. ಆದರೆ ಅವಳೇ ಚಾಪೆ ಹಾಸಿದಳು.

ಶರೀಫಾಬಿ ಗೋಡೆಗೊರಗಿ ಕೂತು ಫೋನನ್ನು ದಿಂಬಿನ ಮೇಲೆ ನಿಲ್ಲಿಸಿದಳು. ಹೆಂಗಸರು ಸುತ್ತ ಕವಿದುಕೊಂಡರು. ಗುಲಫಶಾ ಆ್ಯಪು ತೆರೆದುಕೊಟ್ಟಳು, ಉಳಿದದ್ದನ್ನು ಶರೀಫಾಬಿಯ ಬೆರಳು ಮಾಡಿತು. ಒಂದೊಂದು ತುಣುಕು ಓಡಿದಾಗಲೂ ಪಂಚಾಯಿತಿ. ನನ್ನ ಬೆನ್ನು ಬಂದಿದೆ ತೆಗೆಯಿರಿ ಅಂದಳು ಶೀತಲ್, ಬೆನ್ನು ಹೋಯಿತು. ನನ್ನ ಹೊಸ ಕುಬಸ ಕಾಣುವುದೇ ಅಲ್ಲಿ, ಅದನ್ನು ಬಿಡಿರಿ ಅಂದಳು ರೇಣುವಿನ ಚಿಗವ್ವ, ಕುಬಸ ಉಳಿಯಿತು. ಹಬೆಯಲ್ಲಿ ಯಾರದೋ ಮುಖ ಮಸುಕಾಗಿತ್ತು. ಅದನ್ನು ತೆಗೆಯಬೇಕೆಂದು ಗುಲಫಶಾ ಅಂದರೆ, ಅದು ನಮ್ಮ ಗಂಗವ್ವನ ನಡಿಗೆ, ಮುಖ ಯಾತಕ್ಕೆ ಎಂದು ಎಲ್ಲರೂ ಒಟ್ಟಿಗೆ ಬೇಡವೆಂದರು. ಭಾಗ್ಯಾಳ ಕೈ ತಂಬಿಗೆ ಹಿಡಿದು ನಿಂತ ತುಣುಕು ಬಂತು. ಶರೀಫಾಬಿಯ ಬೆರಳು ಕತ್ತರಿಯ ಗುರುತಿನ ಮೇಲೆ ನಿಂತಿತು.

“ಉದ್ದ ಆತೇನ ತಂಗಿ? ಕಡಮಿ ಮಾಡ್ಲೇನ?”

ಭಾಗ್ಯಾ ತಲೆ ಅಲ್ಲಾಡಿಸಿದಳು. ಇಷ್ಟು ಹೊತ್ತಿನ ಮೇಲೆ ಅವಳು ಸರಿದು ಬಂದು ಶರೀಫಾಬಿಯ ಭುಜಕ್ಕೆ ಭುಜ ತಾಗಿಸಿ ಕೂತಳು. ತನ್ನ ಸುರಗಿಯಲ್ಲಿ ತಾಯಿಯೂ ಇಂಥದೇ ಒಂದು ಹಿತ್ತಿಲಿನಲ್ಲಿ ಹೀಗೇ ನಿಂತಿದ್ದಳು, ಆ ಕ್ಯಾಸೆಟ್ಟು ಬೂಸುರು ಹಿಡಿದು ಹೋಯಿತು, ಅದರಲ್ಲಿ ಅವ್ವ ಇದ್ದಳು ಎಂದಳು. ಶರೀಫಾಬಿಗೆ ಅದು ನೆನಪಿತ್ತು. ಹಸಿರು ಇಳಕಲ್ಲ ಸೀರೆ, ತಂಬಿಗೆಯ ಕಂಠಕ್ಕೆ ಕಟ್ಟಿದ ದಾರ, ಅತ್ತದ್ದು ಕಾಣಬಾರದೆಂದು ನಿನ್ನ ತಾಯಿ ಬೆನ್ನು ತಿರುಗಿಸಿದ್ದು ಎಂದು ಒಂದೊಂದಾಗಿ ಹೇಳಿದಳು. ಬೂಸುರು ಹಿಡಿಯದ ಜಾಗ ಅವಳ ಆ ನೆನಪೊಂದೇ.

ರೇಣುವಿನ ತಲೆಯ ಮೇಲೆ ಸೇವಂತಿಗೆ ಉದುರುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಹೂವು ಜಾಸ್ತಿಯಾಗಿ ಮದುಮಗಳ ಮೂಗೇ ಮುಚ್ಚಿಹೋಯಿತು. ಎರಡು ಸಲ ತೆಗೆದು ಹಾಕಿದರೂ ಶರೀಫಾಬಿಗೆ ಹೂವನ್ನು ಕಡಿಮೆ ಮಾಡುವುದು ತಿಳಿಯಲಿಲ್ಲ. ಇರಲಿ ಬಿಡಿರಿ, ನನ್ನ ಪಾಲಿನದೂ ಇವಳ ಮೇಲೇ ಬೀಳಲಿ ಎಂದು ಭಾಗ್ಯಾ ಅಂದಾಗ ರೇಣು ತಾಯಿಯ ಹೆಗಲಿಗೆ ಮುಖ ಒತ್ತಿದಳು.

ಮುಗಿದದ್ದನ್ನು ಭಾಗ್ಯಾಳ ಫೋನಿಗೆ ದಾಟಿಸಿದರು, ನೆಟ್ಟಿಲ್ಲದೆ, ಎರಡು ಫೋನು ಅಕ್ಕಪಕ್ಕ ಇಟ್ಟು. ಆಮೇಲೆ ಶರೀಫಾಬಿ ತನ್ನ ರೂಢಿಯಂತೆ ಅಳಿಸತೊಡಗಿದಳು. ಎಲ್ಲರೂ ನೋಡುತ್ತಿರುವಂತೆಯೇ ಅರಿಷಿಣ ಹೋಯಿತು, ನೀರು ಹೋಯಿತು, ನೂಲು ಹೋಯಿತು. ಬೆರಳು ಒಡಪಿನ ತುಣುಕಿಗೆ ಬಂದಾಗ ಶೆಟ್ಟೆವ್ವ ಅವಳ ಮಣಿಕಟ್ಟು ಹಿಡಿದಳು.

“ಅದನ್ನ ಯಾಕ ಅಳಸ್ತಿ? ಅದು ಹೆಂಗೂ ಹೊಸ್ತಲಾ ದಾಟೇತಿ. ನೀನ ಇಟ್ಗೊ.”

ಶರೀಫಾಬಿ ಭಾಗ್ಯಾಳ ಮುಖ ನೋಡಿದಳು. ಭಾಗ್ಯಾ ಶೀತಲ್‌ಳನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಇಟ್ಗೋರಿ ಭಾಬಿ ಅಂದಳು.

ಶರೀಫಾಬಿ ಫೋನನ್ನು ಸೆರಗಿನಿಂದ ಒರೆಸಿದಳು. ಒರೆಸಿ, ಬಾಗಿಲ ಹತ್ತಿರ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಸೊಸೆಯ ಕಡೆ ಅದನ್ನು ಚಾಚಿದಳು.

“ಇದನ್ನ ಕಳೀದಂಗ ಎಲ್ಲಿ ಇಡಬೇಕು, ಬೇಟಿ? ನಿನಗ ಗೊತ್ತೈತಲ್ಲ.”

ಗುಲಫಶಾ ಕೂಸನ್ನು ಶೀತಲ್‌ಳ ಕೈಗೆ ಕೊಟ್ಟು ಅತ್ತೆಯ ಪಕ್ಕ ಬಂದು ಕೂತಳು.